ಹೊಟ್ಟೆಯಡಿಯ ಎಣ್ಣೆಗೆರೆ

ಕಲೆಯಿಲ್ಲದಂತೆ ಬಣ್ಣ ಹೊಡೆಯುವುದೇ ರುದ್ರೇಶನ ಕೆಲಸ. ಪೀಣ್ಯದ ಕಾರ್ಖಾನೆಯೊಂದರಲ್ಲಿ ಇಪ್ಪತ್ತೆಂಟು ವರ್ಷದಿಂದ ಕರೆಂಟಿನ ಪ್ಯಾನೆಲ್ ಪೆಟ್ಟಿಗೆಗಳಿಗೆ ಸ್ಪ್ರೇ ಪೇಂಟ್ ಮಾಡುತ್ತಿದ್ದ. ಬಣ್ಣ ಒಂದೆಳೆ ಇಳಿದು ನಿಂತರೂ, ಒಂದು ಧೂಳಿನ ಕಣ ಅಂಟಿದರೂ ಪೆಟ್ಟಿಗೆ ವಾಪಸ್. ಉಜ್ಜಿ ಮತ್ತೆ ಹೊಡೆಯಬೇಕು. ತಾನು ಬಣ್ಣ ಹೊಡೆದದ್ದು ವಾಪಸ್ ಬಂದು ಎಷ್ಟು ಕಾಲವಾಯಿತೆಂದು ಅವನಿಗೇ ನೆನಪಿರಲಿಲ್ಲ.

ರಾಜಗೋಪಾಲನಗರದ ಮೂರನೇ ಅಡ್ಡರಸ್ತೆಯ ಮಹಡಿ ಮನೆಯಲ್ಲಿ ಅವನೂ ಅವನ ಮಾವ ಇರಣ್ಣನೂ ಇಬ್ಬರೇ ಇದ್ದರು. ಅವರಿಬ್ಬರನ್ನು ಜೋಡಿಸಿದ್ದವಳು ನಿವೇದಿತಾ, ಇವನ ಹೆಂಡತಿ, ಅವರ ಒಬ್ಬಳೇ ಮಗಳು. ಅವಳು ಹೋಗಿ ಮೂರು ವರ್ಷವಾಗಿತ್ತು. ನಲವತ್ತಮೂರಕ್ಕೇ ಎದೆನೋವು. ಒಂದು ಬೆಳಿಗ್ಗೆ ಆಟೋದಲ್ಲಿ ಆಸ್ಪತ್ರೆ ಮುಟ್ಟುವುದರೊಳಗೆ ಮುಗಿದುಹೋಗಿತ್ತು. ಮಕ್ಕಳಿರಲಿಲ್ಲ. ಮಗಳಿಲ್ಲದ ಮೇಲೆ ಅಳಿಯನ ಮನೆಯಲ್ಲಿ ಇನ್ನೇನು ಎಂದು ಇಳಕಲ್ಲಿನಿಂದ ಇರಣ್ಣನ ತಮ್ಮ ಎರಡು ಸಲ ಫೋನ್ ಮಾಡಿದ್ದ. ಇರಣ್ಣ ಹೋಗಲಿಲ್ಲ. ಇರಿ ಎಂದಾಗಲಿ, ಹೋಗಿ ಎಂದಾಗಲಿ ರುದ್ರೇಶ ಹೇಳಲಿಲ್ಲ. ಕಾವೇರಿ ನೀರು ಬಂತು, ಗ್ಯಾಸ್ ಮುಗಿಯಿತು, ಇಷ್ಟರಲ್ಲೇ ಅವರ ಮಾತು ಮುಗಿಯುತ್ತಿತ್ತು. ಅವಳ ಹೆಸರನ್ನು ಮಾತ್ರ ಇಬ್ಬರೂ ಎತ್ತುತ್ತಿರಲಿಲ್ಲ.

ಆ ಯುಗಾದಿಯ ಮುಂಚೆ ಸುಣ್ಣ ಬಳಿಸಲೆಂದು ಅಟ್ಟ ಖಾಲಿ ಮಾಡುವಾಗ ರುದ್ರೇಶನ ಕೈಗೆ ಒಂದು ಪೆಟ್ಟಿಗೆ ಸಿಕ್ಕಿತು. ಬಣ್ಣದ ಕಾಗದ ಸುತ್ತಿ, ಮೇಲೆ ನಿವೇದಿತಾಳ ಗುಂಡು ಅಕ್ಷರದಲ್ಲಿ ‘ಅಪ್ಪನ ಹುಟ್ಟುಹಬ್ಬಕ್ಕೆ’ ಎಂದು ಬರೆದಿತ್ತು. ಹುಟ್ಟುಹಬ್ಬಕ್ಕೆ ಎರಡು ವಾರ ಇರುವಾಗಲೇ ಅವಳು ಹೋಗಿದ್ದಳು. ಒಳಗಿದ್ದದ್ದು ಜೋಡಿಸಿ ಬಣ್ಣ ಹಚ್ಚುವ ಪ್ಲಾಸ್ಟಿಕ್ ವಿಮಾನ. ಪೂರ್ತಿಯಾದರೆ ಒಂದು ಗೇಣಿಗಿಂತ ಸ್ವಲ್ಪ ದೊಡ್ಡದಾಗುವ, ಎಪ್ಪತ್ತೊಂದರ ಯುದ್ಧದ ಕಾಲದ ಪುಟ್ಟ ಫೈಟರ್. ಇರಣ್ಣ ಹರೆಯದಲ್ಲಿ ವಾಯುಪಡೆಯಲ್ಲಿ ಫಿಟ್ಟರ್ ಆಗಿದ್ದವರು. ಪೆಟ್ಟಿಗೆಯನ್ನು ಕೈಯಲ್ಲಿ ಹಿಡಿದು ಚಿತ್ರವನ್ನು ಬಹಳ ಹೊತ್ತು ನೋಡಿದರು. “ನ್ಯಾಟ್” ಎಂದು ವಿಮಾನದ ಹೆಸರನ್ನಷ್ಟೇ ಹೇಳಿ, ಅದನ್ನು ಮೇಜಿನ ಮೇಲಿಟ್ಟು ತಮ್ಮ ಕೋಣೆಗೆ ಹೋದರು.

ಎಸೆಯುವುದಕ್ಕೂ ಆಗದೆ, ಮತ್ತೆ ಅಟ್ಟಕ್ಕೇರಿಸುವುದಕ್ಕೂ ಮನಸ್ಸು ಬಾರದೆ ರುದ್ರೇಶ ಭಾನುವಾರಗಳಲ್ಲಿ ಅದನ್ನು ಜೋಡಿಸಲು ಕೂತ. ಯೂಟ್ಯೂಬ್ ನೋಡಿ ಕಲಿತ. ಪೆನ್ನಿನಷ್ಟು ದಪ್ಪದ ಏರ್‌ಬ್ರಷ್ ಕೊಂಡು ತಂದ. ಬಣ್ಣದ ಕೆಲಸ ಹೇಗೂ ಗೊತ್ತಿದ್ದದ್ದೇ. ಮೊದಲು ಪ್ರೈಮರ್, ಅದರ ಮೇಲೆ ಬೆಳ್ಳಿ ಬಣ್ಣ, ಆಮೇಲೆ ಹಸಿರು ಮತ್ತು ಮಣ್ಣು ಬಣ್ಣದ ಪಟ್ಟೆಗಳು. ನಾಲ್ಕನೇ ಭಾನುವಾರಕ್ಕೆ ವಿಮಾನ ಸಿದ್ಧವಾಯಿತು. ಎಲ್ಲಿಯೂ ಒಂದು ಚುಕ್ಕೆ ಇರಲಿಲ್ಲ. ಕಾರ್ಖಾನೆಯ ಇನ್‌ಸ್ಪೆಕ್ಟರ್ ಬಂದಿದ್ದರೂ ಬೆರಳು ಇಡಲು ಜಾಗ ಸಿಗುತ್ತಿರಲಿಲ್ಲ.

ಇರಣ್ಣ ಕಾಫಿ ಲೋಟ ಹಿಡಿದು ಬಂದು ಹಿಂದೆ ನಿಂತರು.

“ಹಿಂಗ ಇರ್ತಿರಲಿಲ್ಲ ಅದು” ಎಂದರು.

ರುದ್ರೇಶ ತಿರುಗಿದ. “ಬಣ್ಣ ತಪ್ಪಾಯ್ತಾ ಮಾವ?”

“ಬಣ್ಣ ಬರೋಬ್ಬರಿ ಐತ್ರಿ. ಇಷ್ಟು ಸ್ವಚ್ಛ ಇರ್ತಿರಲಿಲ್ಲ. ಯುದ್ಧದಾಗಿನ ವಿಮಾನ ಇದು.”

ಹಾಗೆ ಶುರುವಾಯಿತು. ಮುಂದಿನ ಭಾನುವಾರ ಇರಣ್ಣ ಕುರ್ಚಿ ಎಳೆದುಕೊಂಡು ಮೇಜಿನ ಪಕ್ಕ ಕೂತರು. ಪೈಲಟ್ ಹತ್ತುವ ಎಡಗಡೆ ಬಣ್ಣ ಸವೆದು ಒಳಗಿನ ಬೆಳ್ಳಿ ಕಾಣುತ್ತಿತ್ತು ಎಂದರು. ಬೂಟು ತಾಗಿ, ಏಣಿ ತಾಗಿ, ತಪಾಸಣೆಗೆಂದು ದಿನಕ್ಕೆ ನಾಲ್ಕು ಸಲ ತೆಗೆದು ಹಾಕಿ ಮೈಮೇಲಿನ ಮುಚ್ಚಳಗಳ ಅಂಚು ಕಿತ್ತುಹೋಗಿರುತ್ತಿತ್ತಂತೆ. ರುದ್ರೇಶ ಹಲ್ಲುಕಡ್ಡಿಯಿಂದ ಅಲ್ಲಿ ಬಣ್ಣ ಕೆರೆದ. ಮೊದಲ ಗೀರಿಗೆ ಕೈ ಬರಲಿಲ್ಲ. ಇಡೀ ಆಯುಷ್ಯ ಯಾವುದನ್ನು ಆಗಗೊಡದೆ ಕಾಯ್ದಿದ್ದನೋ ಅದನ್ನೇ ಈಗ ಬೇಕೆಂದು ಮಾಡಬೇಕಿತ್ತು. ಎರಡನೆಯದು ಸಲೀಸಾಯಿತು. ಗನ್ನಿನ ಬಾಯಿಯ ಹಿಂದೆ ಮಸಿ ಬೇಕೆಂದರು ಮಾವ. ಕಪ್ಪು ಸೀಮೆಸುಣ್ಣವನ್ನು ಪುಡಿ ಮಾಡಿ ಒಣ ಕುಂಚದಿಂದ ತಿಕ್ಕಿದ್ದಾಯಿತು. ತಗಡಿನ ಸಂದುಗಳಿಗೆ ತೆಳ್ಳಗೆ ಕಲಸಿದ ಕಂದು ಎಣ್ಣೆಬಣ್ಣ ಬಿಟ್ಟು, ಕಿವಿಗೆ ಹಾಕುವ ಹತ್ತಿಕಡ್ಡಿಯಿಂದ ಹೆಚ್ಚಿನದನ್ನು ಒರೆಸಿ ತೆಗೆದ. ಚಕ್ರಗಳಿಗೆ ಪಂಜಾಬಿನ ಧೂಳು. ಅದು ಕೆಂಪಲ್ಲ, ಜೋಳದ ಹಿಟ್ಟಿನ ಬಣ್ಣದ್ದು ಎಂದು ಇರಣ್ಣ ತಿದ್ದಿದರು.

ಮೂರು ವರ್ಷದಲ್ಲಿ ಆಡದಷ್ಟು ಮಾತನ್ನು ಮಾವ ಆ ಮೂರು ಭಾನುವಾರಗಳಲ್ಲಿ ಆಡಿದ್ದರು. ರುದ್ರೇಶನಿಗೆ ವಾರದ ದಿನಗಳು ಉದ್ದವೆನಿಸತೊಡಗಿದವು.

ಇನ್ನು ವಾರ್ನಿಶ್ ಒಂದು ಹೊಡೆದರೆ ಕೆಲಸ ಮುಗಿಯಿತು ಎನ್ನುವ ದಿನ ಇರಣ್ಣ ವಿಮಾನವನ್ನು ಅಂಗಾತ ಮಲಗಿಸಲು ಹೇಳಿದರು. ಹೊಟ್ಟೆಯ ಕೆಳಗೆ, ಚಕ್ರದ ಬಾಗಿಲಿನಿಂದ ಹಿಂದಕ್ಕೆ, ಉಗುರಿನಿಂದ ತೋರಿಸಿದರು. ಇಲ್ಲಿ ಒಂದು ಗೆರೆ ಬೇಕು, ಕೆಂಪುಗಂದು, ಸಣ್ಣದು. ವಿಮಾನದ ಚುಕ್ಕಾಣಿ, ಚಕ್ರಗಳನ್ನು ಆಡಿಸುವ ಹೈಡ್ರಾಲಿಕ್ ಎಣ್ಣೆ ಸೋರಿದ ಗೆರೆ.

ನಿಲ್ಲಿಸಿಟ್ಟರೆ ಅದು ಯಾರಿಗೂ ಕಾಣುವುದಿಲ್ಲವಲ್ಲ ಎಂದ ರುದ್ರೇಶ. ಮಾವ ಕುಂಚವನ್ನು ಅವನ ಕಡೆಗೆ ಸರಿಸಿದರು. ಅವನು ಕುಂಚ ಅದ್ದಿ ಗೆರೆ ಎಳೆದ. ಹೆಚ್ಚಿನ ಬಣ್ಣ ತೆಗೆಯಲು ಹತ್ತಿಕಡ್ಡಿ ಎತ್ತಿಕೊಂಡ.

“ಒರಸಬ್ಯಾಡ್ರಿ” ಎಂದರು ಇರಣ್ಣ. ಅವನ ಮಣಿಕಟ್ಟು ಹಿಡಿದುಕೊಂಡಿದ್ದರು.

ಆಮೇಲೆ ಹೇಳಿದರು. ಆಗ ಅವರಿಗೆ ಇಪ್ಪತ್ತೊಂದು ವರ್ಷ. ಗಡಿಯ ಹತ್ತಿರದ ಒಂದು ಏರ್‌ಫೀಲ್ಡ್. ಅವರ ಪಾಲಿನ ವಿಮಾನವನ್ನು ಹಾರಿಸುತ್ತಿದ್ದವನು ಚಂದನ್ ಸಾಹೇಬ, ಅವರಿಗಿಂತ ಎರಡೇ ವರ್ಷ ದೊಡ್ಡವನು. ಇರಣ್ಣನಿಗೆ ಹಿಂದಿ ಕಲಿಸುತ್ತೇನೆಂದು ಬೈಗುಳಗಳನ್ನೇ ಕಲಿಸಿ ನಗುತ್ತಿದ್ದ. ಯುದ್ಧ ಶುರುವಾದ ಆರನೇ ಬೆಳಿಗ್ಗೆ ಇರಣ್ಣ ವಿಮಾನದ ಅಡಿಗೆ ತೂರಿದಾಗ ಈ ಗೆರೆ ಕಂಡಿತು. ಎರಡು ದಿನದಿಂದ ರೆಪ್ಪೆ ಮುಚ್ಚಿರಲಿಲ್ಲ. ಹೇಳಿದರೆ ವಿಮಾನ ನಿಲ್ಲುತ್ತದೆ, ಹೊಟ್ಟೆ ಬಿಚ್ಚಬೇಕು, ಆರು ತಾಸಿನ ಕೆಲಸ. ಹಿಂದಿನ ದಿನ ತುಂಬುವಾಗ ಚೆಲ್ಲಿದ ಎಣ್ಣೆ ಇರಬೇಕು ಎಂದುಕೊಂಡು ಬಟ್ಟೆಯಿಂದ ಒರೆಸಿದರು. ಸ್ವಲ್ಪ ಹೊತ್ತಿಗೆ ಮತ್ತೆ ಬಂತು, ಈ ಸಲ ಬೆರಳುದ್ದ.

“ಮತ್ತ ಒರಸಿದೆ. ಎರಡನೇ ಸಲ ನನಗ ಗೊತ್ತಾಗಿತ್ತು, ರುದ್ರೇಶಪ್ಪಾ. ಗೊತ್ತಾಗಿಯೂ ಒರಸಿದೆ. ಒರಸಿ, ಹಾರಾಕ ಅಡ್ಡಿಯಿಲ್ಲಂತ ಸಹಿ ಮಾಡಿದೆ.”

ನಾಲ್ಕು ವಿಮಾನ ಹೋದವು, ಮೂರು ಬಂದವು. ಶತ್ರುವಿನ ಗುಂಡು ತಾಗಿತೋ, ಎಣ್ಣೆ ಖಾಲಿಯಾಗಿ ಕೈಕೊಟ್ಟಿತೋ ಯಾರೂ ಕಾಣಲಿಲ್ಲ. ವಿಮಾನವೂ ಸಿಗಲಿಲ್ಲ, ದೇಹವೂ ಸಿಗಲಿಲ್ಲ. ವಿಚಾರಣೆ ಎಂದು ಕೂತವರು ಅವರ ಸಹಿ ನೋಡಿ ಸರಿಯಿದೆ ಎಂದರು. ಐವತ್ತು ವರ್ಷದ ಮೇಲಾಯಿತು. ಹೆಂಡತಿಗೆ ಹೇಳಲಿಲ್ಲ, ಮಗಳಿಗೂ ಹೇಳಲಿಲ್ಲ.

ಕೆಳಗೆ ರಸ್ತೆಯಲ್ಲಿ ಸೊಪ್ಪಿನವಳು ಕೂಗುತ್ತಾ ಹೋದಳು. ರುದ್ರೇಶನಿಗೆ ಸಮಾಧಾನದ ಮಾತುಗಳು ಬಾಯಿಗೆ ಬಂದವು. ನಿಮ್ಮದೇ ತಪ್ಪು ಅಂತ ಹೇಗೆ ಹೇಳೋದು, ಯುದ್ಧ ಅಲ್ಲವಾ, ಹೀಗೆ. ಅವನ್ನೆಲ್ಲ ಅವನು ಆಡಲಿಲ್ಲ. ಅವನ ಬಾಯಿಂದ ಬಂದದ್ದೇ ಬೇರೆ.

“ಅವಳು ನಂಗೆ ಹೇಳಿದ್ಲು ಮಾವ. ಹಿಂದಿನ ದಿನ. ಎದೆ ಹಿಡ್ಕೊಂಡ ಹಾಗಾಗುತ್ತೆ ಅಂದ್ಲು. ಗ್ಯಾಸ್ ಇರ್ಬೇಕು ಅಂತ ಮಾತ್ರೆ ಕೊಟ್ಟು ಶಿಫ್ಟಿಗೆ ಹೋದೆ.” ಹತ್ತಿಕಡ್ಡಿಯನ್ನು ಮೇಜಿನ ಮೇಲಿಟ್ಟ. “ಸಂಜೆ ಮತ್ತೆ ಹೇಳಿದ್ಲು. ನಾಳೆ ನೋಡೋಣ ಅಂದೆ.”

ಇದನ್ನು ಅವನು ಡಾಕ್ಟರಿಗೂ ಹೇಳಿರಲಿಲ್ಲ. ಮೂರು ವರ್ಷವೂ ಮಾವನ ಮುಖ ನೋಡಿದಾಗಲೆಲ್ಲ, ಇವರಿಗೆ ಗೊತ್ತಿದೆ, ಗೊತ್ತಿದ್ದೂ ಸುಮ್ಮನಿದ್ದಾರೆ ಎಂದುಕೊಳ್ಳುತ್ತಿದ್ದ.

“ನನಗೂ ಹೇಳಿದ್ಳು” ಎಂದರು ಇರಣ್ಣ. “ನಡುಹಗಲು. ನೀವು ಡ್ಯೂಟಿಗೆ ಹೋಗಿದ್ರಿ. ಮಲಕೋ ಅಂದೆ. ಮಲಗಿದ್ರ ಹೋಗ್ತೈತಿ ಅಂದೆ.”

ಇಬ್ಬರೂ ಅತ್ತರು. ಒಬ್ಬರನ್ನೊಬ್ಬರು ಮುಟ್ಟಲಿಲ್ಲ.

ಮರುವಾರ ರುದ್ರೇಶ ಮಾವನ ಫೋನು ಇಸಿದುಕೊಂಡು, ನಿವೃತ್ತ ವಾಯುಪಡೆಯವರ ವಾಟ್ಸಾಪ್ ಗುಂಪಿನಲ್ಲಿ ಚಂದನ್ ಸಾಹೇಬನ ಮನೆಯವರನ್ನು ಯಾರಾದರೂ ಬಲ್ಲಿರಾ ಎಂದು ಕೇಳಿದ. ಕೇಳಲು ಹೇಳಿದವರು ಇರಣ್ಣನೇ. ಸಿಕ್ಕರೆ ಎಲ್ಲವನ್ನೂ ಬಿಡದೆ ಹೇಳಬೇಕು, ಅವರು ಏನಂದರೂ ಕೇಳಿಸಿಕೊಳ್ಳಬೇಕು ಎಂದು ನಿರ್ಧರಿಸಿದ್ದರು. ಹೇಳಬೇಕಾದ್ದನ್ನು ಕ್ಯಾಲೆಂಡರಿನ ಹಿಂಬದಿಯಲ್ಲಿ ಹಿಂದಿಯಲ್ಲಿ ಬರೆದುಕೊಂಡರು, ಹೊಡೆದು ಹಾಕಿದರು, ಮತ್ತೆ ಬರೆದರು. ಹನ್ನೆರಡು ದಿನದ ಮೇಲೆ ಅಂಬಾಲಾದಿಂದ ಉತ್ತರ ಬಂತು. ಚಂದನ್ ಸಾಹೇಬನಿಗೆ ಇದ್ದವಳು ಒಬ್ಬಳೇ ಅಕ್ಕ, ಮದುವೆಯಾಗಿರಲಿಲ್ಲ. ಕೊನೆಯವರೆಗೂ ತಮ್ಮ ಗಡಿಯಾಚೆ ಎಲ್ಲೋ ಜೈಲಿನಲ್ಲಿದ್ದಾನೆಂದು ಕಚೇರಿಗಳಿಗೆ ಪತ್ರ ಬರೆಯುತ್ತಲೇ ಇದ್ದಳಂತೆ. ತೀರಿಕೊಂಡು ಎರಡು ವರ್ಷವಾಯಿತು. ಮನೆ ಮಾರಿಹೋಗಿದೆ, ಅವರ ಕಡೆಯವರು ಈಗ ಯಾರೂ ಇಲ್ಲ.

ರುದ್ರೇಶ ಅದನ್ನು ಓದಿ ಹೇಳಿದ. ಇನ್ನೊಮ್ಮೆ ಓದಲು ಹೇಳಿದರು ಇರಣ್ಣ. ಓದಿದ. ಬರೆದಿಟ್ಟುಕೊಂಡಿದ್ದ ಹಾಳೆಯನ್ನು ಅವರು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿಗೆ ಹಾಕಿಕೊಂಡರು. ಎಲ್ಲಿ ಇಡಬೇಕೆಂದು ತಿಳಿಯದೆ ಮತ್ತೆ ತೆಗೆದು ಕೈಯಲ್ಲೇ ಹಿಡಿದುಕೊಂಡರು. ಇಳಕಲ್ಲಿಗೆ ಹೋಗಿಬಿಡುತ್ತೇನೆ ಎಂದು ಅವರು ಹೇಳಬಹುದೆಂದು ರುದ್ರೇಶನಿಗೆ ಭಯವಾಯಿತು. ಹೋಗಬೇಡಿ ಎಂದ, ಯಾರೂ ಏನೂ ಕೇಳದಿದ್ದರೂ.

“ಎಲ್ಲಿಗೆ ಹೋಗ್ಲಿ?” ಎಂದರು ಇರಣ್ಣ.

ಸ್ವಲ್ಪ ಹೊತ್ತಿನ ಮೇಲೆ, ತಮ್ಮಷ್ಟಕ್ಕೆ ಎಂಬಂತೆ, ನಿವೇದಿತಾ ಐದು ವರ್ಷದವಳಿದ್ದಾಗ ವಾಯುಪಡೆಯ ಕ್ವಾರ್ಟರ್ಸಿನಲ್ಲಿದ್ದ ದಿನಗಳನ್ನು ಹೇಳತೊಡಗಿದರು. ರುದ್ರೇಶ ಕೇಳಿರದ ಕಥೆ ಅದು. ಬೆಳಿಗ್ಗೆ ಅವಳು ತಾರಸಿಯ ಮೇಲೆ ನಿಂತು ಹಾರಿಹೋಗುವ ವಿಮಾನಗಳನ್ನು ಬೆರಳಲ್ಲಿ ಎಣಿಸುತ್ತಿದ್ದಳಂತೆ. ಅಷ್ಟೂ ವಾಪಸ್ ಬರುವ ತನಕ ತಟ್ಟೆಯ ಮುಂದೆ ಕೂರುತ್ತಿರಲಿಲ್ಲ. ಒಂದು ದಿನ ಮೋಡ ಕವಿದು ಒಂದು ವಿಮಾನ ಬೇರೆ ಕಡೆ ಇಳಿಯಿತು. ‘ಒಂದು ಬಂದಿಲ್ಲಪ್ಪಾ, ಒಂದು ಬಂದಿಲ್ಲ’ ಎಂದು ಅವಳು ಕಾಲಿಗೆ ತೊಡರಿಕೊಂಡಾಗ, ಇರಣ್ಣ ಅವಳನ್ನು ಹೊಡೆದುಬಿಟ್ಟರು. ಜೀವಮಾನದಲ್ಲಿ ಅದೊಂದೇ ಸಲ.

“ಯಾಕ ಹೊಡದೆ ಅಂತ ಕೇಳಲೇ ಇಲ್ಲ ನನ್ನ ಕೂಸು” ಎಂದರು. “ಅವತ್ತಿನಿಂದ ಎಣಿಸೂದು ಬಿಟ್ಟಳು.”