ಕಿವಿ ಕೂಡುವ ಕುದುರೆ

ಊಟ ಮುಗಿದ ಡಬ್ಬಿ ಹಗುರವಾಗಿರಬೇಕಲ್ಲವೇ? ಇಕ್ರಾಮನ ಡಬ್ಬಿ ಮಾತ್ರ ಸಂಜೆ ಮನೆಗೆ ಹೊರಟಾಗಲೂ ಅವನ ಕೈಯನ್ನು ಕೆಳಕ್ಕೆ ಜಗ್ಗುತ್ತಿತ್ತು. ಬಚಿತ್ತರ್ ಸಿಂಗ ಅದನ್ನು ದಿನವೂ ಓರೆಗಣ್ಣಿನಿಂದ ನೋಡುತ್ತಿದ್ದ.

ಅಮೃತಸರದ ಆ ಗಲ್ಲಿಯಲ್ಲಿ ಚದುರಂಗದ ಕಾಯಿ ಮಾಡುವವರಿಗೇನೂ ಬರವಿರಲಿಲ್ಲ. ರಾಜ, ಮಂತ್ರಿ, ಆನೆ, ಒಂಟೆಗಳನ್ನು ಯಂತ್ರಕ್ಕೆ ಸಿಕ್ಕಿಸಿ ತಿರುಗಿಸಿದರಾಯಿತು. ಕುದುರೆಗೆ ಮಾತ್ರ ಕೈಯೇ ಬೇಕು. ಬೀಬಿ ತ್ರಿಪತ್ ಕೌರಳ ಕಾರ್ಖಾನೆಯಲ್ಲಿ ಆ ಕೈ ಬಚಿತ್ತರನದು, ಕಿಟಕಿಯ ಪಕ್ಕದ ಗದ್ದುಗೆಯೂ ಅವನದೇ. ಸಹಾರನ್‌ಪುರದಿಂದ ಬಂದ ಇಕ್ರಾಮ್ ಅವನ ಕೈಕೆಳಗಿನವನು.

ಈಗ ಕೈಗೆತ್ತಿಕೊಂಡದ್ದು ಸುಲ್ತಾನ್ ಖಾನನ ಗೌರವಕ್ಕೆಂದು ಮಾಡುತ್ತಿದ್ದ ಸೆಟ್. ಬ್ರಿಟಿಷರ ಕಾಲದಲ್ಲಿ ಸರಗೋಧಾ ಕಡೆಯ ಹಳ್ಳಿಯಿಂದ ಇಂಗ್ಲೆಂಡಿಗೆ ಹೋಗಿ, ಅಲ್ಲಿನ ಘಟಾನುಘಟಿಗಳಿಗೆ ಮಣ್ಣು ಮುಕ್ಕಿಸಿದ ಆಟಗಾರ ಅವನು. ಬಚಿತ್ತರನ ಅಪ್ಪನೂ ದೇಶ ಒಡೆದಾಗ ಆ ಸೀಮೆಯಿಂದಲೇ ಓಡಿಬಂದವನು. ಹಾಗಾಗಿ ಈ ಸೆಟ್ಟಿಗೆ ವಿಲಾಯಿತಿ ಕುದುರೆ ಬೇಡ, ನಮ್ಮ ಸೀಮೆಯದೇ ಆಗಬೇಕೆಂದು ಬಚಿತ್ತರ್ ಹಟ ಹಿಡಿದಿದ್ದ. ಆ ಕುದುರೆಯ ಕಿವಿಗಳು ಒಳಕ್ಕೆ ಬಾಗಿ, ತುದಿಗಳು ಒಂದಕ್ಕೊಂದು ತಾಗುತ್ತವೆ. ಉಳಿ ಕೂದಲೆಳೆಯಷ್ಟು ಜಾರಿದರೂ ಕಿವಿ ಸೀಳುತ್ತದೆ.

ಕೆಲ ದಿನಗಳ ಹಿಂದೆ, ಪಾಲಿಶ್ ಮೇಜಿನ ಮೇಲಿದ್ದ ಕುದುರೆಯೊಂದನ್ನು ಸವರುತ್ತ ಅವನು ಬೆರಳನ್ನು ಜೂಲಿನ ಮೇಲೆ ತಡೆದಿದ್ದ. ಕಿವಿ ಚೆನ್ನಾಗಿತ್ತು, ಜೂಲೂ ಚೆನ್ನಾಗಿತ್ತು, ಆದರೆ ಅದು ಅವನ ಕುದುರೆಯಲ್ಲ. ಜೂಲಿನ ಗೀರುಗಳು ಅವನವುಗಳಂತೆ ಬಲದಿಂದ ಎಡಕ್ಕಲ್ಲ, ಎಡದಿಂದ ಬಲಕ್ಕೆ ಬಿದ್ದಿದ್ದವು. ಹಾಗೆ ಗೀರುವವನು ಎಡಚ ಇಕ್ರಾಮ್ ಒಬ್ಬನೇ. ಕೆತ್ತಿ ಮುಗಿದದ್ದನ್ನು ತಟ್ಟೆಯಲ್ಲಿಟ್ಟು ಮೇಜಿಗೆ ಒಯ್ಯುವವನೂ ಅವನೇ.

ಬಚಿತ್ತರನನ್ನು ತಾಯಾಜಿ, ಅಂದರೆ ದೊಡ್ಡಪ್ಪ, ಎಂದು ಕರೆಯುವ ಪಾಲಿಶ್‌ನ ಲಖ್ಖಾ ಉರಿಯುವ ಬೆಂಕಿಗೆ ತುಪ್ಪ ಸುರಿದ. "ನಿಮ್ದು ತೆಗ್ದು ತನ್ನದು ಇಡ್ತಿದಾನೆ, ತಾಯಾಜಿ. ನಿಮ್ದು ಎಲ್ಲೋಗುತ್ತೆ ಹೇಳಿ? ಆಚೆ ಗಲ್ಲಿ ಅಂಗಡಿಗೆ! ಅಲ್ಲಿ ಅದರ ನಕಲು ಮಾಡ್ತಾರೆ, ಇಲ್ಲಿ ನಿಮ್ಮ ಗದ್ದುಗೆ ಇವನಿಗೆ."

"ದಿನಾ ನಂಗೆ ಚಾ ತಂದ್ಕೊಡ್ತಾನಲ್ಲೋ."

"ಮತ್ತೆ? ಅತಿ ವಿನಯ ಧೂರ್ತ ಲಕ್ಷಣ."

ಅಲ್ಲಿಂದ ಮುಂದೆ ಇಕ್ರಾಮ್ ಕೂತರೂ ತಪ್ಪು, ನಿಂತರೂ ತಪ್ಪು. ಚಹಾ ತಂದರೆ ಅದು ತನ್ನ ಗಮನ ತಪ್ಪಿಸಲು, ಕೆಮ್ಮಿದರೆ ಯಾರಿಗೋ ಸನ್ನೆ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಗದ್ದುಗೆ ಹೋದರೆ ತಾನು ಕಾಲಾಳುಗಳನ್ನು ಉಜ್ಜುತ್ತ ಕೂರುವ ಮುದುಕ, ಅಷ್ಟೇ. ಆ ಭಯಕ್ಕೆ ಬಚಿತ್ತರನಿಗೆ ಊಟವೂ ಸೇರದಾಯಿತು.

ಕೊನೆಗೊಂದು ಸಂಜೆ, ಇಕ್ರಾಮ್ ಚಪ್ಪಲಿ ಮೆಟ್ಟುತ್ತಿದ್ದಾಗ, ಬಚಿತ್ತರ್ ಬಾಗಿಲಿಗೆ ಅಡ್ಡ ನಿಂತ.

"ಡಬ್ಬಿ ಬಿಚ್ಚು."

"ಬೇಡ ಚಾಚಾ. ನಿಮಗೆ ಕೈ ಮುಗೀತೀನಿ."

"ಯಾಕೆ, ಒಳಗೆ ನಿಮ್ಮಪ್ಪನ ನಿಧಿ ಇದ್ಯಾ? ಬಿಚ್ಚೋ ಕಳ್ಳ!"

ಗದ್ದಲ ಕೇಳಿ ಬೀಬಿ ಹೊರಬಂದಳು. ಬಚಿತ್ತರ್ ಡಬ್ಬಿ ಕಸಿದು ಅವಳೆದುರೇ ನೆಲಕ್ಕೆ ಸುರಿದ. ಕುದುರೆಗಳು ಉರುಳಿಬಿದ್ದವು. ಒಂದರ ಕಿವಿ ಸೀಳಿತ್ತು, ಒಂದರ ಮೂತಿ ಸೊಟ್ಟ, ಇನ್ನೊಂದರ ಕಣ್ಣು ಕೆನ್ನೆಗೆ ಇಳಿದಿತ್ತು.

"ಥೂ, ಇದೇನು ಕುದ್ರೆನೋ ಕತ್ತೆನೋ? ಯಾರು ಕೆತ್ತಿದ್ದು?"

"ನಾನೇ ಬೀಬೀಜಿ," ಇಕ್ರಾಮ್ ತಲೆ ತಗ್ಗಿಸಿದ. "ಕೆಟ್ಟೋದ್ವು. ಬೈತೀರ ಅಂತ ಮುಚ್ಚಿಟ್ಟೆ."

"ಇಷ್ಟು ಮರ ಹಾಳ್ಮಾಡಿ, ಕದ್ದು ಬೇರೆ ಸಾಗಿಸ್ತೀಯಾ? ನಾಳೆಯಿಂದ ಈ ಕಡೆ ತಲೆ ಹಾಕ್ಬೇಡ."

ಬಚಿತ್ತರ್ ಒಂದನ್ನೆತ್ತಿ ಜೂಲಿನ ಮೇಲೆ ಹೆಬ್ಬೆರಳಾಡಿಸಿದ. ಗೀರು ಬಲದಿಂದ ಎಡಕ್ಕಿತ್ತು. ಇನ್ನೊಂದನ್ನು ಎತ್ತಿದ. ಅದೂ ಹಾಗೆಯೇ. ಕೆತ್ತಿದ ದಿನ ತನ್ನ ಮಂಜುಗಣ್ಣಿಗೆ ಎಲ್ಲವೂ ಸರಿಯಾಗಿಯೇ ಕಂಡಿದ್ದವು. ಬೆರಳಿಗೆ ತಗುಲಿದ್ದ ಸೀಳನ್ನು ಮರದ ಗೆರೆಯೆಂದು ತನಗೆ ತಾನೇ ಹೇಳಿಕೊಂಡಿದ್ದ. ಹುಡುಗ ಅವನ್ನು ತೆಗೆದು ತಾನು ಕೆತ್ತಿದ ಒಳ್ಳೆಯವನ್ನಿಟ್ಟು, ಬಚಿತ್ತರನ ಮಾನವನ್ನು ಡಬ್ಬಿಯಲ್ಲಿ ಹೊತ್ತು ಓಡಾಡುತ್ತಿದ್ದ. ಅದನ್ನು ಎಲ್ಲರೆದುರು ಸುರಿದವನು ತಾನೇ.

ಬಾಯಿ ಮುಚ್ಚಿಕೊಂಡಿದ್ದರೆ ಗದ್ದುಗೆ ಉಳಿಯುತ್ತಿತ್ತು. ಉಳಿಸಿಕೊಳ್ಳಬೇಕೆಂಬ ಆಸೆಯೂ ಅವನಿಗಿತ್ತು.

"ಬೀಬಿ, ಇವು ನನ್ನವು."

ಬೀಬಿಯ ಕಣ್ಣು ಕಿರಿದಾಯಿತು. "ಓಹೋ! ಕಳ್ಳ ಅಂದೋರೂ ನೀವೇ, ಈಗ ಕಾಪಾಡೋರೂ ನೀವೇನಾ? ಇಬ್ರೂ ಸೇರಿ ಏನು ಆಟ ಹೂಡಿದೀರಿ, ತಾಯಾಜಿ? ಇಷ್ಟು ವರ್ಷ ಪಳಗಿದ ಕೈ ಇಂಥ ಕತ್ತೆ ಕೆತ್ತುತ್ತೆ ಅಂದ್ರೆ ನಾನು ನಂಬಬೇಕಾ?"

ಬಚಿತ್ತರ್ ಕಿಟಕಿಯ ಬಳಿ ಹೋಗಿ ತನ್ನ ಗದ್ದುಗೆಯಲ್ಲಿ ಕೂತ. ಅರ್ಧ ಕೆತ್ತಿದ್ದ ಕುದುರೆಯನ್ನು ಕೈಗೆತ್ತಿಕೊಂಡ. ಎಲ್ಲರೂ ಸುತ್ತ ನೆರೆದರು.

"ಚಾಚಾ, ಬೇಡ," ಇಕ್ರಾಮ್ ಮುಂದೆ ಬಂದ. "ನಾನು ಹೋಗ್ತೀನಿ, ಬಿಡಿ."

ಕಿವಿಯ ತುದಿಗೆ ಬಂದಾಗ ಕೈ ನಡುಗದಿರಲೆಂದು ವಾಹೇಗುರುವನ್ನು ನೆನೆಯುವುದು ಬಚಿತ್ತರನ ರೂಢಿ. ಅವತ್ತು ನೆನೆಯಲಿಲ್ಲ. ಬಲವಂತವಾಗಿ ಜಾರಿಸಲೂ ಇಲ್ಲ, ಎಂದಿನಂತೆಯೇ ಮನಸ್ಸಿಟ್ಟು ಕೆತ್ತಿದ. ಟಕ್ಕೆಂದು ಕಿವಿ ಸೀಳಿತು.

ಲಖ್ಖಾ ಮುಖ ಆಚೆ ತಿರುಗಿಸಿದ. ಬಚಿತ್ತರ್ ಮಂಡಿಗೆ ಕೈಯೂರಿ ಎದ್ದು, ಆ ಕುದುರೆಯನ್ನು ಬೀಬಿಯ ಅಂಗೈಯಲ್ಲಿ ಇಟ್ಟ.

"ಈಗ ನಂಬಿದ್ಯಾ ಮಗಳೇ? ಇವ್ನನ್ನ ಕಳಿಸ್ಬೇಡ. ಈ ಗದ್ದುಗೆ ಮೇಲೆ ಕೂರ್ಸು."