ಕೈ ಹಾಕದ ಪಾಲು

"ಈ ಪಾಲಿಗೆ ನೀನೇನು ಮಾಡ್ದೆ?" ಅಕ್ಕ ಪುಟ್ಟಬಸಮ್ಮ ಲೆಕ್ಕದ ಹಾಳೆಯ ಎಡಭಾಗಕ್ಕೆ ಬೆರಳಿಟ್ಟು ಕೇಳಿದಳು.

"ಏನೂ ಮಾಡಿಲ್ಲಕ್ಕ. ಅದು ಇಟಿಎಫ್. ಐವತ್ತು ದೊಡ್ಡ ಕಂಪನಿಗಳ ಶೇರು ಒಂದೇ ಗಂಟಲ್ಲಿ. ಮಾರ್ಕೆಟ್ ಏರಿದ್ರೆ ಏರ್ತದೆ, ಇಳಿದ್ರೆ ಇಳೀತದೆ."

"ಇದಕ್ಕೆ?" ಅವಳ ಬೆರಳು ಬಲಭಾಗಕ್ಕೆ ಸರಿಯಿತು.

"ಇದನ್ನ ನಾನೇ ನೋಡ್ಕೊಂಡೆ."

ನೋಡಿಕೊಂಡದ್ದು ನಾಲ್ಕು ವರ್ಷ. 2003ರ ಕೊನೆಯಲ್ಲಿ ಭಾವ ತೀರಿಕೊಂಡಾಗ ಅಕ್ಕನ ಕೈಗೆ ಬಂದ ಹಣವನ್ನು ಷಡಕ್ಷರಿ ಎರಡು ಪಾಲು ಮಾಡಿದ್ದ. ಬ್ಯಾಂಕಿನಿಂದ ಸ್ವಯಂ ನಿವೃತ್ತಿ ಪಡೆದು ಮನೆಯಲ್ಲಿ ಕೂತಿದ್ದವನಿಗೆ ಹೋದ ಜೀವ ಬಂದ ಹಾಗಾಗಿತ್ತು. ಒಂದು ಪಾಲನ್ನು ಇಟಿಎಫ್‌ಗೆ ಹಾಕಿ ಮರೆತ. ಇನ್ನೊಂದಕ್ಕಾಗಿ ದಿನವೂ ಇಸ್ತ್ರಿ ಶರ್ಟು ತೊಟ್ಟು ಚಾಮರಾಜಪುರಂನ ಶೇರು ದಲ್ಲಾಳಿಯ ಆಫೀಸಿಗೆ ಹೋದ. ವಾರ್ಷಿಕ ವರದಿಗಳನ್ನು ಓದಿದ, ಗ್ರಾಫ್ ಗೀಚಿದ, ಇದನ್ನು ಮಾರಿ ಅದನ್ನು ಕೊಂಡ. ಮರೆತ ಪಾಲು ಮೂರು ಪಟ್ಟನ್ನೂ ಮೀರಿತ್ತು. ತಲೆ ಕೆಡಿಸಿಕೊಂಡದ್ದು ಎರಡು ಪಟ್ಟೂ ಆಗಿರಲಿಲ್ಲ.

"ಅಂಗಾದ್ರೆ ಇದಕ್ಕೂ ಏನೂ ಮಾಡ್ಬೇಡ ಕಣೋ. ಇವತ್ತೇ ಎಲ್ಲಾ ಮಾರಿ ಅದಕ್ಕೇ ಹಾಕ್ಬುಡು," ಎಂದಳು ಅಕ್ಕ, ಅವರೆಕಾಳು ಹಿಸುಕುತ್ತಲೇ. "ನಿಂಗೂ ಓಡಾಟ ತಪ್ತದೆ."

ಅವನಿಗೆ ಮೈಯೆಲ್ಲ ಉರಿಯಿತು. ಬೈದಿದ್ದರೆ ಸಹಿಸಬಹುದಿತ್ತು. ಇವಳು ಕನಿಕರ ತೋರಿಸುತ್ತಾಳೆ!

"ಮಾರ್ಕೆಟ್ ಬಿದ್ದಾಗ ಗೊತ್ತಾಗೋದಕ್ಕ, ನೋಡ್ಕೊಳ್ಳೋರು ಒಬ್ರು ಬೇಕು ಅಂತ."

"ಬಿದ್ರೆ ನೀನು ಹಿಡ್ಕೊಂಡ್ಬುಡ್ತೀಯಾ?"

ಅವನು ಹಾಳೆ ಮಡಚಿ ಜೇಬಿಗಿಟ್ಟುಕೊಂಡು ಕುಂಬಾರಕೊಪ್ಪಲಿನಿಂದ ಹೊರಟ.

ಆಫೀಸಿನಲ್ಲಿ ಕಂಪ್ಯೂಟರ್ ಮುಂದೆ ಕೂರುವ ಚೆಲುವರಾಜು, "ಬನ್ನಿ ಸಾರ್, ಇವತ್ತೇನು?" ಎಂದ.

ಇದ್ದದ್ದು ಹದಿನೇಳು ಕಂಪನಿಗಳ ಶೇರು. ಮಾರಲು ಹತ್ತು ನಿಮಿಷ ಸಾಕು. ಆಮೇಲೆ? ನಾಳೆ ಬೆಳಿಗ್ಗೆ ಇಸ್ತ್ರಿ ಶರ್ಟು ತೊಟ್ಟು ಎಲ್ಲಿಗೆ ಹೋಗುವುದು?

"ಸಿಮೆಂಟ್ ಹೆಂಗಿದೆ?"

"ಹಂಗೇ ಇದೆ ಸಾರ್."

"ಹಂಗೇ ಅಂದ್ರೆ?"

"ನಿಮಗೆ ಗೊತ್ತಿಲ್ದೇ ಇರೋದಾ ಸಾರ್."

ಗೊತ್ತಿರಲಿಲ್ಲ. ಯಾವತ್ತೂ ಗೊತ್ತಿರಲಿಲ್ಲ. ಆದರೂ ಷಡಕ್ಷರಿ ಗಂಭೀರವಾಗಿ ತಲೆಯಾಡಿಸಿದ. ಮೂರೂವರೆಗೆ ಮಾರುಕಟ್ಟೆ ಮುಚ್ಚಿತು. ಅವನು ಒಂದು ಶೇರನ್ನೂ ಮಾರಿರಲಿಲ್ಲ.

ಮನೆಯ ದಾರಿಯಲ್ಲಿ ಮೊಬೈಲ್ ಬಡಿದುಕೊಂಡಿತು. ಅಕ್ಕ.

"ಆಯ್ತೇನೋ?"

"ಆಯ್ತಕ್ಕ."

"ಒಳ್ಳೇದಾಯ್ತು ಬುಡು. ಇನ್ನಾದ್ರೂ ಆರಾಮಾಗಿರು."

ಸರ್ಕಲ್ಲಿನಲ್ಲಿ ಹೊಸದಾಗಿ ಸಿಗ್ನಲ್ ದೀಪ ಹಾಕಿದ್ದರು. ಆದರೂ ವಯಸ್ಸಾದ ಪೇದೆಯೊಬ್ಬ ನಡುವೆ ನಿಂತು, ಸೀಟಿ ಊದುತ್ತ, ಎರಡೂ ಕೈ ಬೀಸಿ ವಾಹನಗಳನ್ನು ಕರೆಯುತ್ತಿದ್ದ, ತಡೆಯುತ್ತಿದ್ದ. ವಾಹನಗಳು ದೀಪ ನೋಡಿ ಹೊರಡುತ್ತಿದ್ದವು, ದೀಪ ನೋಡಿ ನಿಲ್ಲುತ್ತಿದ್ದವು. ಅವನತ್ತ ಒಬ್ಬರೂ ನೋಡುತ್ತಿರಲಿಲ್ಲ.

ದೀಪ ಕೆಂಪಾಗಿ ವಾಹನಗಳು ನಿಂತವು, ರಸ್ತೆ ಖಾಲಿಯಾಯಿತು. ಷಡಕ್ಷರಿ ದಾಟಲು ಕಾಲಿಟ್ಟ. ಪೇದೆ ಥಟ್ಟನೆ ಅವನ ಕಡೆ ತಿರುಗಿ, ಅಂಗೈ ಎತ್ತಿ, ಕೆನ್ನೆ ಉಬ್ಬಿಸಿ ಸೀಟಿ ಊದಿದ.

ಒಂದು ಸೈಕಲ್ಲೂ ಬರುತ್ತಿರಲಿಲ್ಲ. ಷಡಕ್ಷರಿ ಕಾಲು ಹಿಂದಕ್ಕೆ ತೆಗೆದುಕೊಂಡು ನಿಂತ.