ಎರಡು ದಾರಿಗೊಂದೇ ಟೈರು

ಟೈರಿನ ಹೊರ ಅಂಚಿಗೆ ಅಂಗೈ ಒತ್ತಿ ಟೈರಕ್ಕ ಒಮ್ಮೆ ಮುಂದಕ್ಕೆ, ಒಮ್ಮೆ ಹಿಂದಕ್ಕೆ ಸವರಿದಳು. ಮುಂದಕ್ಕೆ ಸವರಿದಾಗ ನುಣುಪು, ಹಿಂದಕ್ಕೆ ಎಳೆದಾಗ ಗರಗಸದ ಹಲ್ಲು. ರಬ್ಬರು ಕಾದು ಕರಗಿ ಸಣ್ಣ ಹುಳುಗಳ ಹಾಗೆ ಸುರುಳಿ ಸುತ್ತಿ ಅಲ್ಲಲ್ಲೇ ಅಂಟಿಕೊಂಡಿತ್ತು. ಲಿಫ್ಟಿನ ಮೇಲೆ ಎದೆಮಟ್ಟಕ್ಕೆ ಎತ್ತಿ ನಿಲ್ಲಿಸಿದ್ದ ಆ ನೀಲಿ ಕಾರು ಅವಳ ಅಕ್ಕನ ಮನೆಯದು. ಮಗಳನ್ನು ಶಾಲೆಗೆ ಬಿಡುವುದಕ್ಕೆ, ಅಕ್ಕ ಆಸ್ಪತ್ರೆಯ ಔಷಧಿ ವಿಭಾಗದ ಕೆಲಸಕ್ಕೆ ಹೋಗಿಬರುವುದಕ್ಕೆ, ತರಕಾರಿ ತರುವುದಕ್ಕೆ, ಎಲ್ಲಕ್ಕೂ ಆ ಮನೆಯಲ್ಲಿದ್ದದ್ದು ಅದೊಂದೇ. ಶಾಲೆಗೆ ಹೋಗಿಬರುವ ಕಾರಿನ ಟೈರು ಹೀಗೆ ಸವೆಯುವುದಿಲ್ಲ.

ಇಪ್ಪತ್ತೆರಡು ವರ್ಷ ಟೈರು ಬಿಚ್ಚಿ ಹಾಕಿದ ಕೈ ಅದು. ಸವೆದ ಟೈರು ಮುಟ್ಟಿದರೆ ಸಾಕು, ಓಡಿಸುವವನು ಅವಸರದವನೋ, ಅಂಜುಬುರುಕನೋ, ಬ್ರೇಕಿನ ಮೇಲೆ ಕಾಲಿಟ್ಟೇ ಬದುಕುವವನೋ ಹೇಳಿಬಿಡುತ್ತಿದ್ದಳು. ಅವಳು ಮೆಲ್ಲಗೆ ತಿರುಗಿ ಭಾವನನ್ನು ನೋಡಿದಳು.

ಭಾವ ನಕ್ಷೆ ಬರೆಯುವ ಕಚೇರಿಯ ಮನುಷ್ಯ. ಅಂಗಿಯ ಗುಂಡಿಯನ್ನು ಕುತ್ತಿಗೆವರೆಗೂ ಹಾಕಿಕೊಳ್ಳುವವನು. ಕೈಯಲ್ಲೊಂದು ಚೀಟಿ ಹಿಡಿದುಕೊಂಡು, ಎಣ್ಣೆ ತಾಗದಂತೆ ಬಾಗಿಲ ಬಳಿ ಸ್ವಲ್ಪ ದೂರದಲ್ಲೇ ನಿಂತಿದ್ದ.

"ಇದೇ ಬೇಕಂತೆ... ಬೇಕು," ಎಂದು ಚೀಟಿ ಚಾಚಿದ.

ಚೀಟಿಯಲ್ಲಿದ್ದದ್ದು ರೇಸ್ ಟ್ರ್ಯಾಕಿನ ಟೈರಿನ ಹೆಸರು. ನೆಪಕ್ಕೆ ನಾಲ್ಕು ಗೆರೆ ಬಿಟ್ಟರೆ ಬೋಳು ತಲೆಯಂಥ ಟೈರು ಅದು. ಒಣ ನೆಲದಲ್ಲಿ, ಚೆನ್ನಾಗಿ ಕಾದ ಮೇಲೆ, ಅಂಟಿನ ಹಾಗೆ ಹಿಡಿಯುತ್ತದೆ. ನೀರಿನ ಮೇಲೆ ಸೋಪಿನ ತುಂಡು.

"ಭಾವ, ಊರಾಚೆ ರೇಸ್ ಟ್ರ್ಯಾಕಿದೆಯಲ್ಲ, ಭಾನುವಾರ ಭಾನುವಾರ ಯಾರು ಬೇಕಾದ್ರೂ ತಮ್ಮ ಕಾರು ತಂದು ಓಡಿಸಬಹುದು ಅಂತಾರಲ್ಲ, ಈ ಕಾರು ಅಲ್ಲಿಗೆ ಹೋಗ್ತಿದೆ ಅಲ್ವಾ?"

ಭಾವ ಚೀಟಿಯನ್ನು ಮಡಚಿದ, ಬಿಚ್ಚಿದ. "ಆಗಾಗ," ಎಂದ.

"ಆಗಾಗ ಅಲ್ಲ. ಒಂದು ವಾರಾನೂ ತಪ್ಪಿಸಿಲ್ಲ ಇದು."

ಹೋದ ಬುಧವಾರದ್ದು ಅವಳಿಗೆ ಆಗ ನೆನಪಾಗಿ ಮೈಯೆಲ್ಲ ಉರಿಯಿತು. ಮಳೆಯಲ್ಲಿ ಶಾಲೆಯ ತಿರುವಿನಲ್ಲಿ ಇದೇ ಕಾರು ಜಾರಿ, ಜನ ನಡೆಯುವ ಕಟ್ಟೆಯ ಮೇಲೆ ಹತ್ತಿ ನಿಂತಿತ್ತು. ಹಿಂದಿನ ಸೀಟಿನಲ್ಲಿದ್ದ ಎಂಟು ವರ್ಷದ ಹುಡುಗಿಯ ತುಟಿ ಒಡೆದು ಎರಡು ಹೊಲಿಗೆ ಬಿದ್ದಿತ್ತು. ರಸ್ತೆ ಸರಿಯಿಲ್ಲ ಕಣೇ ಎಂದು ಅಕ್ಕ ಫೋನಿನಲ್ಲಿ ಹೇಳಿದ್ದಳು, ಅಷ್ಟೇ.

"ನಿಮಗೆ ನಾಚಿಕೆ ಆಗಲ್ವಾ?" ಅವಳ ದನಿ ಅಂಗಡಿಯ ತಗಡಿನ ಮಾಡಿಗೆ ಬಡಿಯಿತು. "ನಲವತ್ತೈದು ದಾಟಿದೋರು! ಶೋಕಿಗೆ ಅಂತ ಈ ಬೋಳು ಟೈರು ಹಾಕ್ಕೊಂಡು, ಅದರಲ್ಲೇ ಮಗೂನ ಕೂರಿಸ್ಕೊಂಡು ಮಳೇಲಿ ಹೋಗ್ತೀರಲ್ಲ, ತಲೆ ನೆಟ್ಟಗಿದೆಯಾ? ಹೊಲಿಗೆ ತುಟಿಗೆ ಬಿತ್ತು. ಕತ್ತಿಗೆ ಬಿದ್ದಿದ್ರೆ?"

ಹೊರಗೆ ಬೆಂಚಿನ ಮೇಲೆ ತನ್ನ ಗಾಡಿಯ ಪಂಕ್ಚರ್‌ಗೆ ಕಾಯುತ್ತಿದ್ದ ವ್ಯಾನ್ ಡ್ರೈವರ್ ಟೀ ಲೋಟ ಕೆಳಗಿಟ್ಟು, "ಬಿಡ್ಬೇಡ ಟೈರಕ್ಕ, ಚೆನ್ನಾಗಿ ನೀರಿಳಿಸು!" ಎಂದು ನಕ್ಕ.

ಭಾವನ ಕಿವಿ ಕೆಂಪಾದವು. "ಹೌದಮ್ಮ. ನಂದೇ ತಪ್ಪು ಅನ್ಕೋ. ಹಳೇದು ಸವೆದಿತ್ತು ಅಂತ ಜಾರ್ತು. ಹೊಸದು ಹಾಕಿಕೊಡು, ಸರಿಹೋಗತ್ತೆ."

"ಹಾಕಲ್ಲ! ಪ್ರಾಣ ಹೋದ್ರೂ ಹಾಕಲ್ಲ."

ಕೈ ಒರೆಸಿಕೊಳ್ಳದೆಯೇ ಫೋನು ತೆಗೆದು ಅಕ್ಕನಿಗೆ ಹಚ್ಚಿದಳು. "ಅಕ್ಕಾ, ನಿನ್ನ ಗಂಡ ಏನು ಮಾಡ್ತಿದಾರೆ ಗೊತ್ತಾ ನಿಂಗೆ? ರೇಸಿಗೆ ಹೋಗ್ತಿದಾರೆ, ರೇಸಿಗೆ!"

ಅಕ್ಕ, "ಅವರಿಗೆ ಒಂದ್ ಮಾತೂ ಅನ್ಬೇಡ. ನಾನು ಬರ್ತಿದೀನಿ," ಎಂದು ಫೋನಿಟ್ಟಳು.

ಅರ್ಧ ಗಂಟೆಗೆ ಅಕ್ಕ ಬಸ್ಸಿಳಿದು ಬಂದಳು. ಆಸ್ಪತ್ರೆಯ ಬಿಳಿ ಕೋಟು ತೆಗೆಯುವುದಕ್ಕೂ ಪುರುಸೊತ್ತಾಗಿರಲಿಲ್ಲ. ಬಂದವಳು ಗಂಡನ ಕಡೆ ಒಮ್ಮೆ ನೋಡಿ, ನೇರ ತಂಗಿಯ ಎದುರು ನಿಂತಳು.

"ಓಡ್ಸೋಳು ನಾನು ಕಣೇ."

"ಏನು?"

"ಟ್ರ್ಯಾಕಲ್ಲಿ ಓಡ್ಸೋಳು ನಾನು. ಬುಧವಾರ ಶಾಲೆ ಹತ್ರ ಓಡಿಸ್ತಿದ್ದೋಳೂ ನಾನೇ. ಅವರು ನಲವತ್ತರ ಮೇಲೆ ಹೋದ್ರೆ ತಲೆ ಸುತ್ತತ್ತೆ ಅಂತಾರೆ, ಅವರು ರೇಸಿಗೆ ಹೋಗ್ತಾರಾ?"

ಬೆಂಚಿನ ಮೇಲಿನ ಡ್ರೈವರು ಸುಮ್ಮನೆ ತನ್ನ ಲೋಟ ಎತ್ತಿಕೊಂಡ. ಇಷ್ಟು ಹೊತ್ತು ಭಾವನ ಮೇಲೆ ಉರಿದ ಸಿಟ್ಟು ನೆಲೆಯಿಲ್ಲದೆ ಒಂದು ಕ್ಷಣ ತಡವರಿಸಿ, ಆಮೇಲೆ ಇಮ್ಮಡಿಯಾಗಿ ಅಕ್ಕನ ಮೇಲೆ ತಿರುಗಿತು.

"ಎಷ್ಟು ದಿನದಿಂದ?"

"ಹದಿನಾಲ್ಕು ತಿಂಗಳು."

"ಹದಿನಾಲ್ಕು ತಿಂಗಳು! ಊರೋರೆಲ್ಲ ನನ್ನ ಕೇಳಿ ಟೈರು ಹಾಕಿಸ್ಕೋತಾರೆ. ಗಡಿಯಾಚೆಯಿಂದ ಬರೋ ಲಾರಿಯೋರು ಕೇಳ್ಕೊಂಡು ಬರ್ತಾರೆ. ನನ್ನ ಒಡಹುಟ್ಟಿದೋಳು ಎಲ್ಲೆಲ್ಲೋ ತರಿಸಿ, ಯಾರ ಹತ್ರಾನೋ ಹಾಕಿಸಿದಾಳೆ. ನನ್ನ ಹತ್ರ ಒಂದು ಮಾತು ಕೇಳೋಕೆ ನಿನ್ನ ಬಾಯಿಗೆ ಏನಾಗಿತ್ತು? ಈಗ ಅವರು ಕೈಯೆತ್ತಿದ್ರು ಅನ್ಸತ್ತೆ, ಬೇರೆ ದಾರಿ ಇಲ್ಲ ಅಂತ ಗಂಡನ ಕೈಲಿ ಚೀಟಿ ಕೊಟ್ಟು ಕಳಿಸ್ತೀಯ!"

"ಕೇಳಿದ್ರೆ ಬೇಡ ಅಂತಿದ್ದೆ."

"ಅಂತಿದ್ದೆ! ಬೇಡ ಅಂತಾನೇ ಅಂತಿದ್ದೆ!"

"ಅದಕ್ಕೇ ಕೇಳ್ಲಿಲ್ಲ." ಅಕ್ಕನ ದನಿಯೂ ಏರಿತು. ಔಷಧಿ ಕಿಟಕಿಯ ಹಿಂದೆ ಕೂತು ದಿನಕ್ಕೆ ಮುನ್ನೂರು ಜನಕ್ಕೆ ಊಟದ ಮೊದಲು ಒಂದು, ಆಮೇಲೆ ಎರಡು ಎಂದು ತಣ್ಣಗೆ ಹೇಳುವ ದನಿ ಅದಾಗಿರಲಿಲ್ಲ. "ಚಿಕ್ಕೋರಿದ್ದಾಗ ಈ ಅಂಗಡೀಲಿ ಅಪ್ಪನ ಪಕ್ಕ ಯಾರು ಕೂತಿರ್ತಿದ್ರು? ನಾನು. ಜಾಕಿ ಹಾಕೋದು ಮೊದಲು ಕಲ್ತಿದ್ದು ನಾನು. ಹತ್ತನೇ ಕ್ಲಾಸಲ್ಲಿ ಒಳ್ಳೆ ಮಾರ್ಕ್ಸು ಬಂತು ಅಂತ ಅಪ್ಪ ನನ್ನ ಕೈ ತೊಳೆಸಿ ಪುಸ್ತಕದ ಮುಂದೆ ಕೂರಿಸಿದ್ರು. ಅಂಗಡಿ ನಿಂಗೆ ಹೋಯ್ತು. ನಾನು ಅತ್ತಿದ್ದು ನಿಂಗೆ ಗೊತ್ತಾ?"

ಟೈರಕ್ಕನಿಗೆ ಗೊತ್ತಿರಲಿಲ್ಲ. ಅವಳಿಗೆ ಗೊತ್ತಿದ್ದದ್ದು ಬೇರೆ. ಓದು ತಲೆಗೆ ಹತ್ತಲಿಲ್ಲ ಎಂದು ಹದಿನಾರಕ್ಕೇ ಈ ಮಸಿಯಲ್ಲಿ ಬಿದ್ದವಳು ತಾನು, ಬಿಳಿ ಕೋಟು ಹಾಕಿಕೊಂಡು ಮರ್ಯಾದೆಯ ಕುರ್ಚಿಯಲ್ಲಿ ಕೂತವಳು ಅಕ್ಕ. ಮದುವೆಮನೆಗಳಲ್ಲಿ ಉಗುರು ಕಾಣದಂತೆ ಬೆರಳು ಮಡಚಿ ಕೂರುತ್ತಿದ್ದವಳು ತಾನು. ಎದುರಿಗಿರುವವಳು ಈ ಮಸಿಗಾಗಿ ಅತ್ತಿದ್ದಳಂತೆ.

ಅದಕ್ಕೆ ಮರುಗಬೇಕಿತ್ತೇನೋ. ಅವಳಿಗೆ ಬಂದದ್ದು ಸಿಟ್ಟೇ. "ಅಪ್ಪನ ಮೇಲಿನ ಸೇಡನ್ನ ಮಗು ಮೇಲೆ ತೀರಿಸ್ಕೋತೀಯಾ?"

ಅಕ್ಕನ ಮುಖ ಬಿಳಿಚಿತು.

ಟೈರಕ್ಕ ಲಿಫ್ಟಿನ ಗುಂಡಿ ಒತ್ತಿ ಕಾರನ್ನು ಕೆಳಗಿಳಿಸಿದಳು. "ಹತ್ತು. ಓಡ್ಸು. ನಾನು ಪಕ್ಕದಲ್ಲಿ ಕೂರ್ತೀನಿ."

ಅಂಗಡಿಯ ಹಿಂದೆ ಮುಚ್ಚಿಹೋದ ಗೋದಾಮಿನ ಉದ್ದನೆಯ ಸಿಮೆಂಟು ಅಂಗಳವಿತ್ತು. ಟೈರಕ್ಕ ಗಾಡಿ ತೊಳೆಯುವ ಪೈಪು ಎಳೆದು ತಂದು, ಅಂಗಳದ ನಡುಭಾಗವನ್ನೆಲ್ಲ ನೀರಲ್ಲಿ ತೋಯಿಸಿದಳು. ಸೀಮೆಸುಣ್ಣದಲ್ಲಿ ಅಡ್ಡಗೆರೆ ಎಳೆದು, ಅದರಾಚೆ ಇಪ್ಪತ್ತು ಹೆಜ್ಜೆಗೆ ಒಂದು ಖಾಲಿ ಡ್ರಮ್ಮು ನಿಲ್ಲಿಸಿದಳು.

"ನಲವತ್ತರಲ್ಲಿ ಬಾ. ಗೆರೆ ಹತ್ರ ಬ್ರೇಕ್ ಹಾಕು. ಆ ಡ್ರಮ್ಮು ರಸ್ತೆ ದಾಟ್ತಿರೋ ಒಂದು ಮಗು ಅಂದ್ಕೋ."

ಟೈರಕ್ಕ ಪಕ್ಕದಲ್ಲಿ ಹತ್ತಿ ಕೂತ ಮೇಲೆ ಅಕ್ಕ ಕಾರು ಹಿಂದಕ್ಕೆ ಒಯ್ದಳು. ಗೇರು ಬದಲಿಸಿದ ರೀತಿಯಲ್ಲೇ ಟೈರಕ್ಕನಿಗೆ ಗೊತ್ತಾಯಿತು, ಈ ಕೈಯಲ್ಲಿ ಪಳಗಿದ ಕಸುಬಿದೆ. ಗೆರೆ ಬಂದ ತಕ್ಷಣ ಅಕ್ಕ ಬ್ರೇಕು ಒತ್ತಿದಳು. ಕಾರು ನಿಲ್ಲಲಿಲ್ಲ. ಸದ್ದಿಲ್ಲದೆ, ಯಾರೋ ಹಿಂದಿನಿಂದ ತಳ್ಳುತ್ತಿರುವ ಹಾಗೆ, ನೀರಿನ ಮೇಲೆ ಜಾರುತ್ತಲೇ ಹೋಯಿತು. ಅಕ್ಕ ಸ್ಟೇರಿಂಗ್ ತಿರುಗಿಸಿದಳು. ಅದಕ್ಕೂ ಕಾರು ಕಿವಿಗೊಡಲಿಲ್ಲ. ಡ್ರಮ್ಮು ಢಣ್ ಎಂದು ಹಾರಿ, ಉರುಳಿಕೊಂಡು ಹೋಗಿ ಗೋಡೆಗೆ ಬಡಿದು ನಿಂತಿತು.

ಕಾರು ನಿಂತ ಮೇಲೂ ಅಕ್ಕ ಬ್ರೇಕಿನಿಂದ ಕಾಲು ತೆಗೆಯಲಿಲ್ಲ.

"ಇವು ಸವೆದಿವೆ," ಎಂದಳು. "ಹೊಸದಾದ್ರೆ..."

"ಹೊಸದಾದ್ರೆ ಮೂರು ಹೆಜ್ಜೆ ಮೊದಲು ನಿಲ್ಲತ್ತೆ. ಡ್ರಮ್ಮು ಬೀಳೋದು ತಪ್ಪಲ್ಲ. ನೀನು ದಿನಾ ಮಾತ್ರೆ ಕೊಡೋಳು. ಒಬ್ಬರಿಗೆ ಬರೆದಿದ್ದನ್ನ ಪಕ್ಕದೋರಿಗೆ ಕೊಡ್ತೀಯಾ? ಟ್ರ್ಯಾಕಿಗೆ ಬರೆದ ಮಾತ್ರೇನ ಶಾಲೆ ರಸ್ತೆಗೆ ಕೊಡ್ತಿದೀಯಲ್ಲ!"

ಅಕ್ಕ ಹಣೆಯನ್ನು ಸ್ಟೇರಿಂಗಿಗೆ ಒತ್ತಿಕೊಂಡಳು. ಅಳಲಿಲ್ಲ. ಹಾಗೇ ತಲೆ ಬಗ್ಗಿಸಿಕೊಂಡೇ ಕೇಳಿದಳು. "ಎರಡಕ್ಕೂ ಆಗೋದು ಇಲ್ವಾ?"

ಇತ್ತು. ಅಂಗಡಿಯ ಅಟ್ಟದ ಮೇಲೆ ಅಂಥ ನಾಲ್ಕು ಟೈರು ಇದ್ದವು. ಆಳದ ಗೆರೆಗಳು ನೀರು ಹೊರದೂಡುತ್ತವೆ. ಟೈರಿನ ಪಕ್ಕೆ ಗಟ್ಟಿ, ತಿರುವಿನಲ್ಲಿ ಬಾಗುವುದಿಲ್ಲ. ಟ್ರ್ಯಾಕಿನಲ್ಲಿ ಹತ್ತು ಸುತ್ತು ಹೊಡೆದರೆ ಕಾದು ಮೆತ್ತಗಾಗುತ್ತವೆ, ಆಗ ಪಕ್ಕಕ್ಕೆ ನಿಲ್ಲಿಸಿ ತಣಿಸಿಕೊಳ್ಳಬೇಕು. ಟೈರಕ್ಕ ಎಲ್ಲವನ್ನೂ ಹೇಳಿದಳು, ಸಿಟ್ಟಿನ ದನಿಯಲ್ಲೇ, ಒಂದನ್ನೂ ಮುಚ್ಚಿಡದೆ.

"ಒಂದು ಸುತ್ತಿಗೆ ಎಷ್ಟು ನಿಧಾನ ಆಗತ್ತೆ?"

"ಮೂರು ಸೆಕೆಂಡು."

"ಮೂರು!" ಅಕ್ಕ ತಲೆಯೆತ್ತಿದಳು. ಕಣ್ಣು ಕೆಂಪಾಗಿದ್ದವು. "ಮೂರು ಸೆಕೆಂಡು ಅಂದ್ರೆ ಏನಂತ ಗೊತ್ತೇನೇ? ಹನ್ನೊಂದು ತಿಂಗಳು. ಒಂದೊಂದು ತಿರುವಿಗೆ ಒಂದೊಂದು ತಿಂಗಳು ಒದ್ದಾಡಿ ಕಡಿಮೆ ಮಾಡಿದೀನಿ. ಅಲ್ಲಿರೋ ಇಪ್ಪತ್ತೈದರ ಪಡ್ಡೆಗಳು ಮೊದಲು 'ಆಂಟಿ, ದಾರಿ ಬಿಡಿ' ಅಂತಿದ್ರು. ಈಗ ಅವರೇ ಬಿಡ್ತಾರೆ. ಮತ್ತೆ ಆಂಟಿ ಆಗ್ಲಾ ನಾನು?"

"ಆಗು!" ಎಂದು ಕಿರುಚಿದಳು ಟೈರಕ್ಕ. "ಆಂಟಿ ಆಗಿ ಬದುಕಿರು!"

ಇಬ್ಬರೂ ಏದುಸಿರು ಬಿಡುತ್ತ ಒಂದೇ ಗಾಜಿನಿಂದಾಚೆ ನೋಡುತ್ತ ಕೂತರು. ಅಂಗಳದ ನೀರು ಬಿರುಕುಗಳನ್ನು ಹುಡುಕಿಕೊಂಡು ಹರಿಯುತ್ತಿತ್ತು.

"ಹಾಕು ಅದನ್ನೇ," ಎಂದಳು ಅಕ್ಕ. ಕ್ಷಮಿಸಿದವಳ ದನಿಯಲ್ಲ, ಸೋತವಳ ದನಿಯೂ ಅಲ್ಲ. ಹಲ್ಲು ಕಿತ್ತು ಹಾಕಿ ಎನ್ನುವವರ ದನಿ.

ಕಾರನ್ನು ಮತ್ತೆ ಲಿಫ್ಟಿಗೇರಿಸಿ ಟೈರಕ್ಕ ಒಂದೊಂದೇ ಚಕ್ರ ಬಿಚ್ಚಿದಳು. ಅಕ್ಕ ಕೋಟು ತೆಗೆದು ಮೊಳೆಗೆ ತಗುಲಿಹಾಕಿ, ಕೇಳದೆಯೇ ಹೊಸ ಟೈರನ್ನು ಉರುಳಿಸಿಕೊಂಡು ಬಂದಳು. ಬೇಡ ಎನ್ನಲು ಬಾಯಿ ತೆರೆದ ಟೈರಕ್ಕ ಯಂತ್ರದ ಪಕ್ಕ ಸರಿದು ಜಾಗ ಬಿಟ್ಟಳು. ಅಕ್ಕ ಟೈರನ್ನು ಯಂತ್ರದ ಮೇಲಿಟ್ಟಳು.

"ಉಲ್ಟಾ ಇಟ್ಟಿದೀಯ. ಬಾಣದ ಗುರುತು ನೋಡು, ಚಕ್ರ ತಿರುಗೋ ಕಡೆ ಇರ್ಬೇಕು."

"ಅಪ್ಪನ ಕಾಲದಲ್ಲಿ ಬಾಣ ಇರ್ಲಿಲ್ಲ."

"ಆಗ ನಿನಗೆ ಟ್ರ್ಯಾಕೂ ಇರ್ಲಿಲ್ಲ. ತಿರುಗಿಸು."

ನಾಲ್ಕನೆಯ ಚಕ್ರ ಬಿಗಿಯುವ ಹೊತ್ತಿಗೆ ಭಾವ ಎಲ್ಲರಿಗೂ ಟೀ ತಂದಿದ್ದ. ಟೈರಕ್ಕ ಅವನ ಕೈಯಿಂದ ಲೋಟ ತೆಗೆದುಕೊಳ್ಳುವಾಗ ತಲೆ ಎತ್ತಲಿಲ್ಲ.

"ನೀವಾದ್ರೂ ಬಾಯಿ ಬಿಡಬಾರದಾಗಿತ್ತಾ ಭಾವ? ಅಷ್ಟೊಂದು ಅಂದೆ. ಎಲ್ಲರ ಮುಂದೆ."

ಭಾವ ಬೆಂಚಿನ ಒರಟು ಅಂಚಿಗೆ ಅಂಗಿ ತಾಗದಂತೆ ಕೂತ. "ಹೇಳ್ಬೇಡಿ ಅಂದಿದ್ಲು. ಅಲ್ಲದೆ..." ಎಂದು ದನಿ ತಗ್ಗಿಸಿದ. "ವಾರದಲ್ಲಿ ಒಂದಿನ ಅವಳು ನಗ್ತಾ ಮನೆಗೆ ಬರ್ತಾಳೆ. ನಾನು ಅದನ್ನ ಯಾರಿಗೆ ಅಂತ ದೂರು ಹೇಳ್ಲಿ?"

ಟೈರಕ್ಕ ಟೀ ಕುಡಿದಳು. ಅದು ನಾಲಿಗೆ ಸುಟ್ಟಿತು, ಅವಳು ಕುಡಿದೇ ಕುಡಿದಳು.

ಹೊರಡುವ ಮೊದಲು ಅಂಗಳದಲ್ಲಿ ಡ್ರಮ್ಮನ್ನು ಅದೇ ಜಾಗದಲ್ಲಿ ನಿಲ್ಲಿಸಿ, ಮತ್ತೊಮ್ಮೆ ನೀರು ಹಾಯಿಸಿ ನೋಡಿದರು. ಈ ಸಲ ಕಾರು ಗೆರೆ ದಾಟಿ ಹದಿನೈದು ಹೆಜ್ಜೆಗೆ ಕುಕ್ಕರಿಸಿ ನಿಂತಿತು. ಅಕ್ಕ ಇಳಿದು ಬಂದು ಡ್ರಮ್ಮಿಗೂ ಬಂಪರಿಗೂ ನಡುವಿನ ಜಾಗವನ್ನು ಸುಮ್ಮನೆ ನೋಡಿದಳು. ಆಮೇಲೆ ಆ ಜಾಗದಲ್ಲಿ ಒಂದು ನಿಮಿಷ ತಾನೇ ನಿಂತಳು.

"ಹೊಸ ರಬ್ಬರು. ಮೊದಲ ನೂರು ಮೈಲಿ ಮೆಲ್ಲಗೆ," ಎಂದಳು ಟೈರಕ್ಕ ಕಿಟಕಿಯ ಬಳಿ ಬಗ್ಗಿ. "ಭಾನುವಾರ ಹೋಗೋ ಮುಂಚೆ ಇಲ್ಲಿ ಬಾ. ಗಾಳಿ ನಾನು ಹಿಡೀತೀನಿ. ಬೇರೆ ಯಾರ ಕೈಲಾದ್ರೂ ಹಿಡಿಸಿದ್ರೆ ನೋಡು ಮತ್ತೆ."

"ಬೆಳಗ್ಗೆ ಆರಕ್ಕೇ ಹೊರಡ್ತೀನಿ."

"ಐದೂವರೆಗೆ ಅಂಗಡಿ ತೆಗೀತೀನಿ."

ಇಬ್ಬರಲ್ಲಿ ಒಬ್ಬರೂ ನಗಲಿಲ್ಲ. ಭಾವ ಪಕ್ಕದ ಸೀಟಿನಲ್ಲಿ ಕೂತು ಬೆಲ್ಟು ಬಿಗಿದು, ಕಾರು ಇನ್ನೂ ಕದಲುವ ಮೊದಲೇ ಮೇಲಿನ ಹಿಡಿಕೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

ಕಾರು ಗೇಟಿನ ತುದಿಗೆ ಹೋಗಿ, ಬಲಕ್ಕೆ ತಿರುಗುವ ದೀಪ ಮಿಟುಕಿಸುತ್ತ ನಿಂತಿತು. ಸಂಜೆಯ ಗಾಡಿಗಳು ಒಂದರ ಬಾಲಕ್ಕೊಂದು ಬರುತ್ತಿದ್ದವು. ಎರಡು ಬಸ್ಸು ಹೋದವು, ಒಂದು ಲಾರಿ ಹೋಯಿತು. ಚೀಲ ಹೊತ್ತ ಮುದುಕಿಯೊಬ್ಬಳು ದಾಟಲೋ ಬೇಡವೋ ಎಂದು ಅನುಮಾನಿಸಿ ನಿಂತಳು. ಕಾರಿನೊಳಗಿಂದ ಒಂದು ಕೈ ಹೊರಬಂದು, ಹೋಗಿ ಎಂದು ಸನ್ನೆ ಮಾಡಿತು. ಮುದುಕಿ ಚೀಲವನ್ನು ಬಲಗೈಯಿಂದ ಎಡಗೈಗೆ ಬದಲಾಯಿಸಿಕೊಂಡು, ನಿಧಾನವಾಗಿ ದಾಟಿಹೋದಳು. ರಸ್ತೆ ಎರಡೂ ಕಡೆ ಪೂರ್ತಿ ಖಾಲಿಯಾಯಿತು. ಅದಾದ ಮೇಲೂ ಕಾರು ಸ್ವಲ್ಪ ಹೊತ್ತು ಅಲ್ಲೇ ನಿಂತಿತ್ತು.